ಮುಕ್ಕಾಲಿ

ಬೆಟಗೇರಿಯ ಗುಜರಿಯಲ್ಲಿ
ಹರಿದ ಟಯರು, ಕೂಲರಿನ ತಗಡುಗಳ ಕೆಳಗೆ
ಕಾಲು ಮಡಚಿ ಮಲಗಿತ್ತು ಇದು.
ಭೂಮಾಪನದವರದು, ತೇಗದ್ದು,
ಪಾದಕ್ಕೆ ಹಿತ್ತಾಳೆಯ ಮೊಳೆ.
ಅಂಗಡಿಯವ ತಕ್ಕಡಿಗೆ ಹಾಕಿದ: ಎಂಟು ಕಿಲೋ ಮುನ್ನೂರು.
ಕಟ್ಟಿಗೆಯ ಭಾವ ಬೇರೆ, ಹಿತ್ತಾಳೆಯ ಭಾವ ಬೇರೆ.
ನಾನು ಚೌಕಾಸಿ ಮಾಡಲಿಲ್ಲ.

ದಾವಲಸಾಬ ಲೇಥಿನ ಮೇಲೆ ಹೊಸ ತಲೆ ತಿರುವಿ ಕೂಡಿಸಿದ.
"ಇದರ ಮ್ಯಾಲೆ ಕ್ಯಾಮೆರಾ ಏನು,
ನಿಮ್ಮ ಸ್ಟುಡಿಯೋನ ಇಡಬಹುದು" ಅಂದ.
ಮಜೂರಿ ಬೇಡವೆಂದ; ಮಗಳ ಹಾಲ್‌ಟಿಕೀಟಿಗೆ
ಫೋಟೊ ಎಂಟು ಪ್ರತಿ, ಅಷ್ಟೆ.

ಮೊದಲಿನದು ಹಗುರ. ಬೆರಳಲ್ಲಿ ಎತ್ತುವಂಥದ್ದು.
ಕಪ್ಪತಗುಡ್ಡದ ಆಷಾಢದ ಗಾಳಿಯೂ
ಬೆರಳಲ್ಲೇ ಎತ್ತಿತು.
ನಾನು ಬುತ್ತಿ ಬಿಚ್ಚುತ್ತಿದ್ದೆ.
ಶೇಂಗಾ ಚಟ್ನಿಯ ಕೈಯಲ್ಲೇ ಓಡಿದೆ.
ಲೆನ್ಸು ಕಲ್ಲಿನಿಂದ ಕಲ್ಲಿಗೆ
ಗಂಟೆ ಬಾರಿಸುತ್ತ ಇಳಿದು ಹೋಯಿತು.
ಅದರ ಕಂತು ಇನ್ನೂ ಹೋಗುತ್ತಲೇ ಇದೆ.

ಈಗ ಇದನ್ನು ಹೊತ್ತು ಹತ್ತುತ್ತೇನೆ,
ಹೆಗಲಿಗೆ ಟಾವೆಲ್ಲಿನ ಮೆತ್ತೆ.
ಗಾಳಿಗೆ ಎದುರಾಗಿ ಒಂದು ಕಾಲು,
ಇಳಿಜಾರಿಗೆ ಒಂದು, ಮೂರನೆಯದು
ಅದು ಎಲ್ಲಿ ಕೇಳುತ್ತದೋ ಅಲ್ಲಿ.
ನಡುವೆ ಜೋಳದ ಚೀಲ ತೂಗುಬಿಟ್ಟು
ಕಲ್ಲು ತುಂಬುತ್ತೇನೆ:
ಗುಡ್ಡದ ಗಾಳಿಗೆ ಗುಡ್ಡದ್ದೇ ತೂಕ.

ವಾರವೆಲ್ಲ ಅಂಗಡಿಯಲ್ಲಿ ನನ್ನ ಬಾಯಿಗೆ ಒಂದೇ ಮಾತು:
"ಅಲುಗಾಡಬ್ಯಾಡ್ರಿ. ಗದ್ದ ಮ್ಯಾಲೆ. ಕಣ್ಣು ಪಿಳುಕಿಸಬ್ಯಾಡ್ರಿ."
ಇಲ್ಲಿ ಈ ಕಟ್ಟಿಗೆ
ಅದನ್ನೇ ನನಗೆ ಹೇಳುತ್ತದೆ.
ಮುಕ್ಕಾಲು ಪಾಲು ಕೆಲಸ ಅದರದು.
ಉಳಿದ ಕಾಲು ಪಾಲು, ಉಸಿರು ಹಿಡಿಯುವುದು, ನನ್ನದು.
ಅದರಲ್ಲೇ ತಪ್ಪುತ್ತೇನೆ.

ಹಟ್ಟಿಹಬ್ಬ ಮುಗಿದು ಮೂರನೆಯ ರವಿವಾರ, ಇನ್ನೂ ಮಬ್ಬು,
ಕುರಿಗಳ ಹಿಂದೆ ಬಂದಳು ಮಾಳವ್ವ.
ದೂರದಲ್ಲೇ ಕೋಲು ಊರಿ ನಿಂತು ಕೇಳಿದಳು:
"ಯಾವ ಕಂಪನಿ?"
ಯಾವುದೂ ಅಲ್ಲವ್ವಾ, ಗದಗಿನ ಸ್ಟುಡಿಯೋದವ.
"ಸುಳ್ಳು. ಮೂರು ಕಾಲಿಂದು ನಿಂತಲ್ಲೆಲ್ಲ
ಹಿಂದಿಂದ ಸುಣ್ಣದ ಗೆರಿ ಬರತೈತಿ.
ಗೆರಿ ಹಿಂದ ತಂತಿ. ತಂತಿ ಹಿಂದ ರೆಕ್ಕಿ."
ಅವಳ ಬೆನ್ನ ಹಿಂದೆ ದಿಣ್ಣೆಯುದ್ದಕ್ಕೂ
ಕಾಳಿಲ್ಲದೆ ತೂರುತ್ತಿದ್ದವು ಗಾಳಿಯಂತ್ರಗಳು.

ಏನು ಹೇಳಲಿ? ಇವೇ ಕಾಲುಗಳು
ಯಾವ ಗೋಮಾಳದಲ್ಲಿ ನಿಂತಿದ್ದವೋ,
ಯಾರ ಬದುವನ್ನು ಎತ್ತ ಸರಿಸಿದ್ದವೋ.
ಒಳಮೈಯಲ್ಲಿ ಇಲಾಖೆಯ ನಂಬರು ಇನ್ನೂ ಇದೆ,
ಬಿಳಿ ಬಣ್ಣ, ಅರ್ಧ ಅಳಿಸಿದ್ದು.
ಅಂಗೈಯಿಂದ ಅದನ್ನು ಮುಚ್ಚಿಕೊಂಡು
"ಬಂದು ನೋಡು" ಅಂದೆ.

ಬಂದಳು. ಒಂದೇ ಕಣ್ಣು ಮುಚ್ಚಲು ಬರಲಿಲ್ಲ,
ಸೆರಗು ಅಡ್ಡ ಹಿಡಿದಳು.
ಆಚೆ ದಿಬ್ಬದ ಒಣಹುಲ್ಲಿನಲ್ಲಿ
ತಾಸಿನಿಂದ ನಾನು ಕಲ್ಲೆಂದುಕೊಂಡದ್ದನ್ನು
ಒಂದೇ ನೋಟಕ್ಕೆ ಹೆಸರು ಹಿಡಿದು ಕರೆದಳು:
"ಅಯ್ಯ, ಕುಂಟಿ!
ಕಾರಹುಣ್ಣಿವಿಗೆ ನನ್ನ ಮರಿ ಒಯ್ದ ತ್ವಾಳ.
ಹೊಟ್ಟಿ ನೋಡು, ಈ ಸಲಾನೂ ಬಸರಿ."
ಬಯ್ಗುಳವೋ, ತವರಿಗೆ ಬಂದವಳ ಸುದ್ದಿಯೋ
ದನಿಯಿಂದ ತಿಳಿಯಲಿಲ್ಲ.

ಕಲ್ಲು ಎದ್ದು ನಿಂತಿತು,
ಮುಂಗಾಲೊಂದನ್ನು ನೆಲಕ್ಕೆ ಮುಟ್ಟಿಸದೆ.
ಬೆಳಕು ಸಾಲದು. ಶಟರು ನಿಧಾನ.
ಗಾಳಿ ಬೀಸಿತು. ನಾನು ಹೇಳುವ ಮೊದಲೇ
ಹಾಲು ಹಿಂಡುವಾಗ ಆಡಿನ ಕಾಲು ಹಿಡಿಯುವಂತೆ
ಮುಕ್ಕಾಲಿಯ ಒಂದು ಕಾಲನ್ನು
ಗಟ್ಟಿಯಾಗಿ ಹಿಡಿದಳು ಮಾಳವ್ವ.

ಚಿತ್ರದಲ್ಲಿ ಹುಲ್ಲೆಲ್ಲ ಅಲುಗಿದೆ,
ಮೋಡವೂ. ಅವಳು ಮಾತ್ರ,
ಕುಂಟಿ, ರೋಮ ರೋಮ ಎಣಿಸುವಂತೆ
ನನ್ನನ್ನೇ ನೋಡುತ್ತಿದ್ದಾಳೆ.

"ಅಂಗಡ್ಯಾಗ ತೂಗಹಾಕಬ್ಯಾಡ" ಅಂದಳು ಮಾಳವ್ವ.
ಇಲ್ಲ ಅಂದೆ.
ನಂಬಿದಳೋ ಇಲ್ಲವೋ. ನಾನು ಕಾಲು ಮಡಚಿ
ಹೆಗಲಿಗೇರಿಸುವಷ್ಟರಲ್ಲಿ
ನೆಲದಲ್ಲಿ ಉಳಿದ ಮೂರು ತೂತುಗಳನ್ನು
ಚಪ್ಪಲಿಯಿಂದ ಮಣ್ಣು ಎಳೆದು, ಒಂದೊಂದಾಗಿ
ಮುಚ್ಚುತ್ತಿದ್ದಳು.