ಒಂದೂವರೆ ಅಂಗುಲ

ಬಾಲಗಾಲಿಯ ವಿಮಾನಕ್ಕೆ ನೆಲದ ಮೇಲೆ ಕಣ್ಣಿಲ್ಲ.
ಮೂಗು ಮುಗಿಲಿಗೆ, ಎದುರಿಗೆ ಬರೀ ಎಂಜಿನ್ನಿನ ಮುಚ್ಚಳ;
ಎಡಕ್ಕೊಮ್ಮೆ ಬಲಕ್ಕೊಮ್ಮೆ ಹೊರಳಿ
ಓರೆಯಲ್ಲಿ ಇಣುಕುತ್ತ ಸಾಗಬೇಕು ರನ್‌ವೇ ತನಕ.
ಮೂವತ್ತೊಂದು ವರ್ಷ ಹಾಗೆ ಹೊರಳಿದ್ದೇನೆ.
ಆ ಬೆಳಿಗ್ಗೆ ಡಿಲ್ಲಿಂಗ್‌ಹ್ಯಾಮಿನಲ್ಲಿ ಹೊರಳಲಿಲ್ಲ.

ಯಾಕೆ ಎಂದರು. ಹೇಳುವಂಥದ್ದೇನೂ ಇರಲಿಲ್ಲ:
ಥರ್ಮಾಸಿನ ಬಿರಡೆ ಸೀಟಿನಡಿ ಉರುಳಿತು,
ಬಗ್ಗಿದೆ.

ಆಲಿಕಲ್ಲೇ, ಅಂದುಕೊಂಡೆ ಮೊದಲ ಸದ್ದಿಗೆ.
ಜುಲೈ ತಿಂಗಳು. ಮೋಡದ ಚೂರೂ ಇಲ್ಲ.
ಆಮೇಲೆ ಇಡೀ ಯಂತ್ರ ಕೆಮ್ಮಿತು, ಹಲ್ಲು ಕಟಕಟ ಅಂದವು,
ಕೀಲಿ ತಿರುವಿದೆ.
ನಿಂತ ಪ್ರೊಪೆಲ್ಲರಿನ ಎರಡೂ ತುದಿ
ಕಂಬಿಗೆ ಒಣಹಾಕಿದ ಮೀನಿನ ಬಾಲದಂತೆ ಮುರುಟಿತ್ತು.

ಮುಂದಿದ್ದದ್ದು ಲ್ಯೂಬಾಳ ವಿಮಾನ,
ಬ್ರೇಕು ಒತ್ತಿ, ಎಂಜಿನ್ ಪರೀಕ್ಷಿಸುತ್ತ, ನಿಯಮದಂತೆ.
ಅದರ ಚುಕ್ಕಾಣಿ ಈಗ ಹೋಳು ಹೋಳು.
ಹನ್ನೆರಡು ವರ್ಷದ ಹಿಂದೆ ಇದೇ ಜಲ್ಲಿಯ ಮೇಲೆ
'ಹೊರಳು, ಹುಡುಗಿ, ಹೊರಳು' ಎಂದು
ಅವಳ ಹೆಗಲು ತಟ್ಟಿದವನು ನಾನೇ.

ಇಳಿದು ಬಂದಳು. ರಕ್ತವಿದೆಯಾ ಎಂದು
ನನ್ನ ಮುಖ ನೋಡಿದಳು.
ಆಮೇಲೆ ಬಾಲ ನೋಡಿದಳು. ಬಹಳ ಹೊತ್ತು.
ಹಿಂದಿನ ಸೀಟಿನಿಂದ ಅಗಾಫ್ಯಾ ಅಜ್ಜಿ
ಬಕೆಟ್ಟು ತಬ್ಬಿಕೊಂಡೇ ಇಳಿದು
'ಒಂದು ಹಣ್ಣೂ ಚೆಲ್ಲಿಲ್ಲ' ಎಂದು ಎಲ್ಲರಿಗೂ ತೋರಿಸಿ
ಕೇಳಿದಳು: 'ಇನ್ನೊಂದು ವಿಮಾನ ಎಷ್ಟಕ್ಕೆ?'

ವಿಮೆಯವನು ಆಂಕರೇಜಿನಿಂದ ಬಂದ, ಟೇಪು ಹಿಡಿದು.
ತಗಡಿನಲ್ಲಿ ಒಂದು ಕೊಯ್ತಕ್ಕೂ ಇನ್ನೊಂದಕ್ಕೂ ನಡುವೆ
ಒಂದೂವರೆ ಅಂಗುಲ. ಎಲ್ಲ ಕಡೆಯೂ ಅಷ್ಟೇ,
ಬ್ರೆಡ್ಡು ಕೊಯ್ದ ಹಾಗೆ.
ಪ್ರೊಪೆಲ್ಲರ್ ಸುತ್ತಿಗೆ ಗುಣಿಸಿ, ಬರೆದು, ಹೇಳಿದ:
'ಗಂಟೆಗೆ ಮೂರು ಮೈಲಿಗೂ ಕಮ್ಮಿ. ನಡಿಗೆಯ ವೇಗ.'
ಸಮಾಧಾನಕ್ಕೇ ಹೇಳಿರಬೇಕು ಪಾಪ.

ರೆಕ್ಕೆಗೆ ಮಂಜು ಮೆತ್ತಿಕೊಂಡು
ಮೊಣಕಾಲುದ್ದ ಎತ್ತರದಲ್ಲಿ ನುಶಗಾಕ್ ನದಿಯ ಗುಂಟ
ತಿರುವು ತಿರುವು ಎಣಿಸುತ್ತ ಮನೆ ಸೇರಿದ್ದೇನೆ;
ಕರಡಿ ಎದ್ದುಹೋದ ಮರಳದಿಬ್ಬದ ಮೇಲೆ,
ಹೆರಿಗೆ ನೋವಿನ ಹೆಂಗಸನ್ನು ಕೂರಿಸಿಕೊಂಡು, ಇಳಿದಿದ್ದೇನೆ.
ಆ ಕತೆಗಳನ್ನು ಈಗ ಯಾರೂ ಕೇಳುವುದಿಲ್ಲ.
ನಾನೂ ಶುರುಮಾಡುವುದಿಲ್ಲ.

ಅಂಗಡಿಯಲ್ಲಿ ಗಾಡಿ ತಳ್ಳುವಾಗ
ಡಬ್ಬಿಗಳ ಸಾಲಿನ ನಡುವೆ ಕಾಲು ತಾನಾಗಿ ಹೊರಳುತ್ತದೆ,
ಎಡಕ್ಕೆ, ಬಲಕ್ಕೆ. ಮಕ್ಕಳು ನಗುತ್ತವೆ.
ಮೊನ್ನೆ ಸಾಲಿನ ಆ ತುದಿಗೆ ಲ್ಯೂಬಾ.
ನನ್ನನ್ನು ಕಂಡು, ಹಾಲಿನ ಕ್ಯಾನು ಎದೆಗೊತ್ತಿ,
ಬೆನ್ನು ಕಪಾಟಿಗೆ ಅಂಟಿಸಿ ನಿಂತುಬಿಟ್ಟಳು, ದಾರಿ ಬಿಟ್ಟು.

ಅದು ತಮಾಷೆಯೋ ಅಲ್ಲವೋ
ನನಗಿನ್ನೂ ತಿಳಿದಿಲ್ಲ.