ಅಣಬೆಯ ತಿಂಗಳು

ಈರುಳ್ಳಿಯ ಒಳಪೊರೆಯಷ್ಟು ತೆಳು,
ಹುಣಸೆಬೀಜದಷ್ಟು ಅಗಲ.
ಆ ರಬ್ಬರು ಬಿಲ್ಲೆ ಒಮ್ಮೆ ಎದ್ದು ಬಿದ್ದರೆ
ದಿನ ತುಂಬದೆ ಹುಟ್ಟಿದ ಕೂಸಿಗೆ ಒಂದು ಉಸಿರು.
ಎದ್ದಿತು, ಬಿತ್ತು.
ಎದ್ದಿತು.
ಪೋಲೆಂಡಿನ ಬಿಯೆಲ್ಸ್ಕೊ ಊರಿನ ಕಾರ್ಖಾನೆಗೆ
ಯಂತ್ರದ ಮಿಕ್ಕದ್ದೆಲ್ಲ, ಮೋಟಾರು, ಗಾಲಿ, ಗಂಟೆ,
ಮೂರು ಮೂರು ಕಡೆಯಿಂದ ಬರುತ್ತದೆ.
ಬಿಲ್ಲೆ ಮಾತ್ರ ಬೆಟ್ಟದಾಚೆ, ಗಡಿಯಾಚೆ,
ಜೆಕ್ ಹಳ್ಳಿಯ ಒಂದು ಶೆಡ್ಡಿನಿಂದ,
ಒತಾಕಾರ್ ಎಂಬೊಬ್ಬ ಮುದುಕನಿಂದ.

ಖರೀದಿ ವಿಭಾಗದ ಬೊಗುಮಿಲಾ
ಮೂರು ತಿಂಗಳಿಗೊಮ್ಮೆ ಅವನ ಹೆಸರಿನ ಚೌಕಕ್ಕೆ ಕೆಂಪು ಬಳಿಯುತ್ತಾಳೆ.
"ಹನ್ನೊಂದು ವರ್ಷದಿಂದ ಕೆಂಪು," ನಗುತ್ತಾನೆ ಮ್ಯಾನೇಜರು,
"ಏನಾಯಿತು ಹೇಳು?
ಒಂದು ಕೊಡಕ್ಕೆ ಎರಡು ಬಾವಿ ಯಾಕೆ?"
ಒಂದು ಕಣ್ಣು ಕಣ್ಣಲ್ಲ, ಅನ್ನುತ್ತದೆ ಗಾದೆ.
ಲೆಕ್ಕದ ಪುಸ್ತಕಕ್ಕೆ ಗಾದೆ ತಿಳಿಯದು;
ಅದಕ್ಕೆ ತಿಳಿದದ್ದು ಎರಡನೆಯ ಕಣ್ಣಿನ ಬೆಲೆ.

ಅಕ್ಟೋಬರಿನಲ್ಲಿ ಒತಾಕಾರ್ ಫೋನು ಎತ್ತುವುದಿಲ್ಲ.
ಬುಟ್ಟಿ ಹಿಡಿದು ಅಣಬೆಗೆಂದು ಕಾಡು ಹೊಕ್ಕಿರುತ್ತಾನೆ.
ಎಪ್ಪತ್ತಮೂರು ವಯಸ್ಸು, ಪಾಚಿಗಟ್ಟಿದ ಬಂಡೆ.
ಆ ಮೂರು ವಾರ ಬೊಗುಮಿಲಾಳ ಕಣ್ಣಿಗೆ
ಇಡೀ ಕಾರ್ಖಾನೆ ಅವನ ಎಡಮಂಡಿಯ ಮೇಲೆ ನಿಂತಿರುತ್ತದೆ.
ಕಪಾಟು ತೆರೆದು ಎಣಿಸುತ್ತಾಳೆ: ನಲವತ್ತು ದಿನಕ್ಕಾಗುವಷ್ಟು.
ಹೆಚ್ಚು ಕೂಡಿಡಲು ಬರುವುದಿಲ್ಲ,
ರಬ್ಬರಿಗೂ ಮುಪ್ಪು.

ಒಂದು ವರ್ಷ ಮೂರು ವಾರ ಐದಾಯಿತು.
ಮೂವತ್ತಾರನೆಯ ದಿನ ಅವಳೇ ಕಾರು ಹತ್ತಿದಳು.
ಶೆಡ್ಡಿನ ಬಾಗಿಲಲ್ಲಿ ಚೀಟಿ: ಬರುತ್ತೇನೆ.
ಯಾವಾಗ ಎಂದಿಲ್ಲ.
ಪಕ್ಕದ ಮನೆಯಾಕೆ ಆಸ್ಪತ್ರೆಯ ದಾರಿ ತೋರಿದಳು.

ಕಾಲಿಗೆ ಪ್ಲಾಸ್ಟರು, ಮಡಿಲಲ್ಲಿ ಸೂಪಿನ ಬಟ್ಟಲು.
ವರ್ಷಗಟ್ಟಲೆ ನುಂಗಿಕೊಂಡದ್ದನ್ನು ಕೇಳಿಯೇಬಿಟ್ಟಳು:
ಪಾಕ ಬರೆದುಕೊಡು. ಲಕೋಟೆಗೆ ಅರಗು ಹಾಕಿ ಬ್ಯಾಂಕಿನಲ್ಲಿಡೋಣ,
ನೀನಿರುವತನಕ ಯಾರೂ ಒಡೆಯುವುದಿಲ್ಲ.
ಅವನು ಚಮಚ ಕೆಳಗಿಟ್ಟ.
"ಮೂವತ್ತು ವರ್ಷದಲ್ಲಿ ಒಂದು ಬಿಲ್ಲೆ ವಾಪಸು ಬಂದದ್ದುಂಟೆ?
ನನ್ನ ಸಾವಿಗೆ ಮುಂಗಡ ಕೊಡಲು ಬಂದೆಯಾ?"
ಅವಳು ಅಲ್ಲ ಅನ್ನಲಿಲ್ಲ.
ಕೈಚೀಲದಿಂದ ಒಂದು ಬಿಲ್ಲೆ ತೆಗೆದು ಬಟ್ಟಲ ಪಕ್ಕ ಇಟ್ಟು
ಇನ್ನು ನಾಲ್ಕು ದಿನ, ಅಂದಳು. ಅಷ್ಟೆ.

ಸೂಪು ಆರಿತು.
ಪಥ್ಯದ ಹಾಳೆಯ ಬೆನ್ನಿಗೆ ಬರೆಯತೊಡಗಿದ:
ಗಂಧಕ ಇಷ್ಟು, ಶಾಖ ಇಷ್ಟು, ನಿಮಿಷ ಇಷ್ಟು.
ಕೊನೆಯ ಸಾಲು: ಪ್ರೆಸ್ಸಿನ ಸಿಳ್ಳು ಸಣ್ಣಗಾದಾಗ ತೆರೆ.
ಎಷ್ಟು ಸಣ್ಣಗೆ?
"ಅದನ್ನು ಬರೆಯಲು ಬರುವುದಿಲ್ಲ."

ಅರಗಿನ ಲಕೋಟೆಯ ಮಾತು ಅಲ್ಲಿಗೇ ಬಿತ್ತು.
ಅದೇ ರಾತ್ರಿ ತಿಖಿ ಊರಿನ ಅಚ್ಚಿನ ಅಂಗಡಿಯಿಂದ ತೆಕ್ಲಾ ಬಂದಳು,
ಗಾಲಿಕುರ್ಚಿಯಲ್ಲಿ ಅವನು.
ಕಣ್ಣು ಮುಚ್ಚಿ ಕೇಳು, ಅಂದ.
ಮೊದಲ ತಟ್ಟೆ ಕಸಕ್ಕೆ. ಎರಡನೆಯದೂ.
ಐದನೆಯದಕ್ಕೆ ಬೈದ, ಆರನೆಯದಕ್ಕೆ ಇನ್ನೂ ಜೋರಾಗಿ.
ಏಳನೆಯದಕ್ಕೆ ಬಾಯಿ ಬಿಡಲಿಲ್ಲ.
ಸರಿ ಬಂತೆಂದು ಅವಳಿಗೆ ಗೊತ್ತಾದದ್ದು ಹಾಗೆ.

ತೆಕ್ಲಾಳ ಸ್ವಂತ ಪ್ರೆಸ್ಸಿಗೆ ಒಪ್ಪಿಗೆಯ ಮುದ್ರೆ ಬೀಳಲು ಹದಿನಾಲ್ಕು ತಿಂಗಳು.
ಅವಳ ಬಿಲ್ಲೆಗೆ ಕಾಲುಪಾಲು ಹೆಚ್ಚು ದರ; ಮ್ಯಾನೇಜರು ನಿಟ್ಟುಸಿರಿಟ್ಟ.
ನೂರಕ್ಕೆ ಎಪ್ಪತ್ತು ಅವನಿಗೆ, ಮೂವತ್ತು ಅವಳಿಗೆ,
ಇಬ್ಬರ ಒಲೆಯೂ ಆರಬಾರದು.
ಬೊಗುಮಿಲಾ ಕೆಂಪು ಅಳಿಸಿ ಹಳದಿ ಬಳಿದಳು.
ಹಸಿರು ಅವಳ ಡಬ್ಬಿಯಲ್ಲಿಲ್ಲ.

ಈ ಅಕ್ಟೋಬರಿನಲ್ಲೂ ಫೋನು ರಿಂಗಾಗಿ ರಿಂಗಾಗಿ ನಿಂತಿತು.
ಕಪಾಟು ತೆರೆಯಲು ಎದ್ದವಳು
ಚಹಾ ಮುಗಿಸಿ ಹೋದರಾಯಿತೆಂದು ಕೂತಳು.
ತಿಂಗಳ ಕೊನೆಗೆ ಅಂಚೆಯಲ್ಲೊಂದು ಪೊಟ್ಟಣ, ಒಣಗಿಸಿದ ಅಣಬೆ,
ಮೇಲೆ ಅವನ ಗೀಚು:
ಪರೀಕ್ಷೆ ಆಗಿದೆ, ಮೊದಲು ನಾನೇ ತಿಂದೆ.
ಅರ್ಧ ಆ ರಾತ್ರಿಯೇ ಬೇಯಿಸಿದಳು.
ಅರ್ಧ ಜಾಡಿಗೆ ತುಂಬಿ
ತಾರೀಕು ಬರೆದಿಟ್ಟಳು.