ಎಷ್ಟು ಗುಂಜಿ

ಬೆಳಗಾವಿಯ ಡಾಕ್ಟರಬಾಯಿ ನಮ್ಮ ಮನೆತನಾನ
ಒಂದು ಹಾಳಿ ಮ್ಯಾಲೆ ಇಳಿಸಿದಳು.
ಗಂಡಸರು ಚೌಕ, ಹೆಂಗಸರು ದುಂಡಗ.
ಜಡ್ಡು ಇದ್ದವರನ್ನ ಪೆನ್ಸಿಲ್ಲಿಲೆ ತಿಕ್ಕಿ ಕಪ್ಪು ಮಾಡಿದಳು.
ನಮ್ಮಪ್ಪ ಕಪ್ಪು ಚೌಕ.
ಹೊಸ್ತಲ ದಾಟಲಿಕ್ಕೆ ತಾಸುಗಟ್ಲೆ ನಿಲ್ತಿದ್ದ ಮೋನಪ್ಪಜ್ಜ
ಅರ್ಧ ಕಪ್ಪು, ಬಾಜೂಕ ಒಂದು ಪ್ರಶ್ನೆ.

ಅಪ್ಪ ಅವ್ವನ ನಡುವ ಗೆರಿ ಎಳೆಯುವಾಗ
ಪೆನ್ಸಿಲ್ ತಡೀತು. "ಸಂಬಂಧದಾಗೇನು?"
"ಅಕ್ಕನ ಮಗಳು."
ಗೆರಿಯ ಕೆಳಗ ಇನ್ನೊಂದು ಗೆರಿ ಬಂತು.

ಜಮಖಂಡ್ಯಾಗ ಮಂದಿ ಅನ್ನೂದು ಇದ್ದದ್ದ:
ಪತ್ತಾರ ಅಕ್ಕನ ಚಿನ್ನಾನೂ ಬಿಡೂದಿಲ್ಲ.
ಬಿಡಲಿಲ್ಲ, ಖರೆ.
ಎತ್ತಿ ಆಡಿಸಿದ ಮಾವನ ಮನೀಗೆ
ಆ ಚಿನ್ನ ಇಲಕಲ್ಲ ಸೀರಿ ಉಟ್ಟು ಬಂತು.

ಮೂವತ್ತಾರಕ್ಕ ಅಪ್ಪನ ಎಡಗೈ ನಡುಗಲಿಕ್ಕೆ ಹತ್ತಿತು.
ಊದುಗೊಳವಿಯ ತುದೀಗೆ ಉರಿ ಅಲುಗಿ
ಯಾರದೋ ಬೋರಮಾಳದ ಎರಡು ಗುಂಡು ಕರಗಿ ಒಂದಾದವು.
ಕುಡೀತಾನ ಅಂದರು.
ಕದೀತಾನ ಅಂದರು.
ಉದುರಿದ ಅರದ ಪುಡಿ ಕುಂಚದಿಂದ ಬಳಿದು
ಅವ್ವ ಚೀಟಿ ಕಟ್ಟಿ ಅವರವರ ಮನೀಗೆ ಮುಟ್ಟಿಸಿದಳು.
ನಂಬಿದ್ದು ಎರಡು ಮನಿ.

ಈಗ ಗುಳಿಗಿ ಐತಿ. ನುಂಗಿದ ಅರ್ಧ ತಾಸಿಗೆ
ಬೈಸಿಕೊಂಡ ಹುಡುಗರಂಗ ಕೈ ಸುಮ್ಮನ ಕುಂದರತಾವ.
ಅಷ್ಟರಾಗ ಒಂದು ಮೂಗುತಿ ಆಗ್ತೈತಿ.

"ಅವರಿಗೆ ಎರಡೂ ಕಡೆಯಿಂದ ಬಂದಾವು," ಅಂದಳು ಬಾಯಿ.
"ಅದರಾಗ ಒಂದು ನಿನಗ ಬಂದೇ ಬಂದಿರ್ತೈತಿ.
ಅವ್ವನ ಕಡೆಯಿಂದಾನೂ ಬಂತೋ ಇಲ್ಲೋ
ರಕ್ತ ಹೇಳಬೇಕು."

ಐದು ವಾರ ನನ್ನ ಎಡಗೈ ನಾನ ಕಾದೆ.
ಕರಿಮಣಿ ಪೋಣಿಸಿದೆ. ಬಸಿಯಾಗಿನ ಚಹಾದ ಅಲೆ ಎಣಿಸಿದೆ.
ಬಸ್ಸಿನ್ಯಾಗ ಎಲ್ಲಾರ ಕೈಯೂ ನಡುಗ್ತಾವ ಅನ್ನೂದು
ಆವಾಗ ಕಂಡೆ.

ಬಂತು. ಒಂದ.
"ಮಂದೀಗಿಂತ ತುಸು ಹೆಚ್ಚು ಇರಬಹುದು, ಇರಲಿಕ್ಕೂ ಇಲ್ಲ,
ನಮ್ಮ ನಮ್ಮೊಳಗ ಇನ್ನೂ ಒಮ್ಮತ ಇಲ್ಲ," ಅಂದಳು.
ಮಕ್ಕಳ ಮಾತು ಬಂದಾಗ ಮಾತ್ರ
ಆ ಜೋಡಿ ಗೆರಿ ಮ್ಯಾಲೆ ಬೆರಳಿಟ್ಟಳು.

ಮನೀಗೆ ಬಂದರ ಸ್ವಾದರಮಾವ, ಪೇಢೆದ ಡಬ್ಬಿ ಸಮೇತ,
ಮಗಗ ನನ್ನ ಕೇಳಲಿಕ್ಕೆ.
ಹಾಳಿ ಬಿಚ್ಚಿ ಮುಂದಿಟ್ಟೆ.
ಅದರಾಗ ತನ್ನ ಚೌಕ ಹುಡುಕಿದ. ಖಾಲಿ ಇತ್ತು.
"ನಮ್ಮ ಕಡೆ ಏನಿಲ್ಲಲ್ಲವಾ," ಅಂದ.
ಗುಲಗಂಜಿ ಹೊಳ್ಳಿ ತನ್ನ ಬೆನ್ನು ನೋಡಿಕೊಂಡೀತು ಹ್ಯಾಂಗ?
ಪೇಢೆ ತಿಂದೆ. ಒಲ್ಲೆ ಅಂದೆ.

ರಾತ್ರಿ ಅಪ್ಪ ಒಂದ ಮಾತು ಕೇಳಿದ:
"ಹೆಚ್ಚು ಅಂದರ ಎಷ್ಟು ಗುಂಜಿ?"
ಬ್ಯಾಟರಿ ತಕ್ಕಡಿ ಬಿಟ್ಟು ಹಳೇದು ತಗದ,
ಒಂದು ಪರಡಿಯೊಳಗ ಒಂದ ಕೆಂಪು ಬೀಜ ಇಟ್ಟ.
ಗುಳಿಗಿಯ ಹೊತ್ತು ಮುಗಿದಿತ್ತು,
ಮುಳ್ಳು ಎಲ್ಲೂ ನಿಲ್ಲಲೊಲ್ಲದು.
ಕೈ ಚಾಚಿ ದಾರ ನಾ ಹಿಡಿದೆ.
ಅವ ಮುಳ್ಳು ನೋಡಲಿಲ್ಲ.
ನನ್ನ ಕೈ ನೋಡ್ತಿದ್ದ.